ಪೆಟ್ಟು ಕುತ್ತಿಗೆಗೆ, ಚಿಕಿತ್ಸೆ ತಲೆಗೇಕೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. 14 ತಿಂಗಳ ಹಿಂದೆ ಹುಣಸೆಮರದಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದಿತ್ತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ಹಾಕಿದ್ದಾರೆ. ಬಲಗೈ ಬೆರಳುಗಳು ಅಲ್ಪಸ್ವಲ್ಪ ಮಡಚುತ್ತವೆ, ಕಾಲಿಗೆ ಸ್ಪರ್ಶ ತಿಳಿಯುತ್ತದೆ, ಆದರೆ ನಿಲ್ಲಲಾಗುವುದಿಲ್ಲ. ತಲೆಗೆ ಅಯಸ್ಕಾಂತದ ಯಂತ್ರ ಹಿಡಿಸಿದರೆ ಚಲನೆ ಮರಳುತ್ತದೆಯೆಂದು ಪರಿಚಿತರು ಹೇಳುತ್ತಾರೆ. ಪೆಟ್ಟು ಕುತ್ತಿಗೆಗೆ ಬಿದ್ದಿರುವಾಗ ತಲೆಗೆ ಚಿಕಿತ್ಸೆ ಏಕೆ? ಎರಡು ಎಕರೆ ಹೊಲ ಮಾರಿ ಮಾಡಿಸಬಹುದೆ?
– ಓದುಗರೊಬ್ಬರು, ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಹೊಲದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಮಾರಬೇಡಿ. ತಲೆಗೆ ಅಯಸ್ಕಾಂತದ ಯಂತ್ರ ಹಿಡಿಯುವ ಈ ವಿಧಾನ ಬೂಟಾಟಿಕೆಯಲ್ಲ. ಆದರೆ ಬೆನ್ನುಹುರಿಯ ಪೆಟ್ಟಿನ ಮಟ್ಟಿಗೆ ಅದಿನ್ನೂ ಸಂಶೋಧನೆಯ ಹಂತದಲ್ಲಿದೆ.

ಬೆರಳು ಮಡಚುವ ಆಜ್ಞೆ ಹೊರಡುವುದು ಮಿದುಳಿನ ಹೊರಪದರದಿಂದ. ಅಲ್ಲಿಂದ ನರತಂತುಗಳು ಬೆನ್ನುಹುರಿಯಲ್ಲಿ ಇಳಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಮುಟ್ಟುತ್ತವೆ. ನಿಮ್ಮ ಭಾಗದ ಮಲಪ್ರಭಾ ಕಾಲುವೆಯನ್ನೇ ನೆನೆಯಿರಿ: ನಡುವೆ ಕುಸಿದು ಅರ್ಧ ಮುಚ್ಚಿದ್ದರೆ, ಮೇಲಿನಿಂದ ಹೆಚ್ಚು ನೀರು ಬಿಟ್ಟು ಕೊನೆಯ ಹೊಲಕ್ಕೂ ಒಂದಿಷ್ಟು ತಲುಪಿಸಬಹುದು, ಪೂರ್ತಿ ಮುಚ್ಚಿಹೋಗಿದ್ದರೆ ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ಬಿಟ್ಟರೂ ಹನಿ ಬರುವುದಿಲ್ಲ. ನಿಮ್ಮ ತಮ್ಮನಲ್ಲಿ ಉಳಿದಿರುವ ಬೆರಳುಗಳ ಚಲನೆಯನ್ನು ನೋಡಿದರೆ ಆಜ್ಞೆ ಇಳಿಸುವ ಕೆಲವು ತಂತುಗಳಾದರೂ ಬದುಕಿವೆ. ತಲೆಗೆ ಚಿಕಿತ್ಸೆ ಕೊಡುವುದು ಆ ತಂತುಗಳ ಮೂಲಕ ಹೆಚ್ಚು ಆಜ್ಞೆ ಇಳಿಸಲೆಂದೇ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ವಿಧಾನದಲ್ಲಿ, ತಲೆಯ ಮೇಲೆ ಹಿಡಿದ ತಂತಿಸುರುಳಿಯಿಂದ ಮಿಲಿಸೆಕೆಂಡಿಗೂ ಕಡಿಮೆ ಕಾಲದ ಕಾಂತೀಯ ಮಿಡಿತ ಹೊರಟು, ತಲೆಬುರುಡೆಯನ್ನು ದಾಟಿ, ಮಿದುಳಿನಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. (ಸಂತೆಯಲ್ಲಿ ಮಾರುವ ಅಯಸ್ಕಾಂತದ ಪಟ್ಟಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಇನ್ನೊಂದು ವಿಧಾನದಲ್ಲಿ ನೆತ್ತಿಯ ಮೇಲಿಟ್ಟ ಪಟ್ಟಿಗಳ ಮೂಲಕ 1ರಿಂದ 2 ಮಿಲಿಆಂಪಿಯರ್ ವಿದ್ಯುತ್ತನ್ನು ಹರಿಸುತ್ತಾರೆ. ನನಗೆ ಹೆಚ್ಚು ಭರವಸೆ ಮೂಡಿಸಿದ್ದು ಜೋಡಿ ಮಿಡಿತದ ಕ್ರಮ: ತಲೆಗೊಂದು, ಮಣಿಕಟ್ಟಿನ ನರಕ್ಕೊಂದು ಮಿಡಿತ ಕೊಟ್ಟು, ಎರಡೂ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬೆನ್ನುಹುರಿಯ ಒಂದೇ ನರಸಂಧಿಯನ್ನು (ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ) ಸೇರುವಂತೆ ಕಾಲ ಹೊಂದಿಸಿದರೆ, ಆ ಸಂಧಿ ಬಲಗೊಳ್ಳುತ್ತದೆ. ಅದರ ಬೆನ್ನಿಗೇ ಕೈಗೆ ವ್ಯಾಯಾಮ ಬೇಕು. ಅದಿಲ್ಲದೆ ಬರಿಯ ಯಂತ್ರದಿಂದ ಹೆಚ್ಚಿನ ಫಲ ನಿರೀಕ್ಷಿಸಲಾಗದು.

ಈವರೆಗಿನ ಅಧ್ಯಯನಗಳು ಬಹುತೇಕ ಚಿಕ್ಕವು, ಫಲವೂ ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ 2008ರಲ್ಲಿ ಈ ಕಾಂತೀಯ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು ಖಿನ್ನತೆಯ ಚಿಕಿತ್ಸೆಗೆ. ಯಂತ್ರ ಆಸ್ಪತ್ರೆಯಲ್ಲಿದೆ ಎಂದ ಮಾತ್ರಕ್ಕೆ ಬೆನ್ನುಹುರಿಗೂ ಅದು ಸಿದ್ಧೌಷಧವಲ್ಲ.

ಅಪರೂಪಕ್ಕೆ ಫಿಟ್ಸ್ ಬರಬಹುದಾದ್ದರಿಂದ, ಹಿಂದೆ ಅಪಸ್ಮಾರವಿದ್ದರೆ ಅಥವಾ ತಲೆಯೊಳಗೆ ಲೋಹವಿದ್ದರೆ ಮೊದಲೇ ತಿಳಿಸಬೇಕು. ಕುತ್ತಿಗೆಯ ಪ್ಲೇಟಿನ ವಿಷಯವನ್ನೂ ಹೇಳಿ. ಸ್ನಾಯುಗಳ ಬಿಗಿತಕ್ಕೆ ಬ್ಯಾಕ್ಲೊಫೆನ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನು ಥಟ್ಟನೆ ನಿಲ್ಲಿಸಬಾರದು, ನಿಲ್ಲಿಸಿದರೂ ಫಿಟ್ಸ್ ಬರುವುದುಂಟು.

ಪರಿಚಿತರು ಹೇಳುವುದು ಸಂಶೋಧನೆಯಾಗಿದ್ದರೆ, ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ. ಸಂಶೋಧನೆಯ ಖರ್ಚನ್ನು ರೋಗಿಯಿಂದ ವಸೂಲು ಮಾಡುವಂತಿಲ್ಲ. ಸಂಖ್ಯೆ ಕೊಡದೆ ಮುಂಗಡ ಕೇಳಿದರೆ ಎದ್ದು ಬನ್ನಿ. ಈ ನಡುವೆ ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸಬೇಡಿ.