ಮಾತು ಕೊಡುವ ಮೊದಲು

ಆತ್ಮೀಯರೇ,

ಇಂಗ್ಲೆಂಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಬರುವ ಸೆಪ್ಟೆಂಬರಿನಿಂದ ಗಣಿತ ಶಿಕ್ಷಕಿಯಾಗಿ ಕೆಲಸ ಆರಂಭಿಸಲಿದ್ದೀರೆಂದು ತಿಳಿಸಿ ನಾಲ್ಕು ವಿಷಯ ಕೇಳಿದ್ದೀರಿ: ನಿಮ್ಮ ಇಂಗ್ಲಿಷ್ ಇಲ್ಲಿನ ಮಕ್ಕಳಿಗೆ ಅರ್ಥವಾದೀತೇ, ತರಗತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ, ಬರುವ ಸಂಬಳದಲ್ಲಿ ಏನಾದರೂ ಉಳಿಯುತ್ತದೆಯೇ, ಮತ್ತು ಇಲ್ಲಿನ ಮಕ್ಕಳು ನಮ್ಮ ಮಕ್ಕಳ ಹಾಗೆ ಮೇಷ್ಟ್ರನ್ನು ಹಚ್ಚಿಕೊಳ್ಳುತ್ತಾರೆಯೇ. ಪತ್ರದ ಮೊದಲ ಸಾಲಿನಲ್ಲಿ ನೀವು ನನ್ನನ್ನು ‘ಮೇಷ್ಟ್ರೇ’ ಎಂದು ಕರೆದಿದ್ದೀರಿ. ಇಪ್ಪತ್ತು ವರ್ಷಗಳಿಂದ ಇಲ್ಲಿ ನಾನು ಬರೀ ‘ಸರ್’. ಆ ಒಂದು ಪದವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ.

ಸಂಬಳದ ವಿಷಯವನ್ನು ಮೊದಲು ಮುಗಿಸುತ್ತೇನೆ. ನೇಮಕಪತ್ರದಲ್ಲಿ ನಿಮ್ಮನ್ನು ಅರ್ಹ ಶಿಕ್ಷಕರ ವೇತನಶ್ರೇಣಿಯಲ್ಲಿ ಇಟ್ಟಿದ್ದಾರೋ ಅನರ್ಹರ ಶ್ರೇಣಿಯಲ್ಲೋ ನೋಡಿಕೊಳ್ಳಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ನಾನು 2005ರ ಜನವರಿಯಲ್ಲಿ ಬಂದಾಗ, ಹೊರದೇಶದಲ್ಲಿ ತರಬೇತಿ ಪಡೆದವರು ನಾಲ್ಕು ವರ್ಷಗಳೊಳಗೆ ಇಲ್ಲಿನ ಅರ್ಹತೆಯನ್ನು, ಅಂದರೆ ಕ್ಯೂಟಿಎಸ್ ಅನ್ನು, ಪಡೆಯಬೇಕಿತ್ತು. 2023ರ ಫೆಬ್ರುವರಿಯಿಂದ ಭಾರತದಲ್ಲಿ ಅರ್ಹತೆ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಇನ್ನೂ ಹಾಕಿಲ್ಲವಾದರೆ ಹೊರಡುವ ಮೊದಲೇ ಹಾಕಿ. ಲಂಡನ್ನಿನಲ್ಲಿ ಸಂಬಳ ತುಸು ಹೆಚ್ಚು, ಮನೆ ಬಾಡಿಗೆ ಅದನ್ನು ಮೀರಿಸುವಷ್ಟು ಹೆಚ್ಚು. ಕೆಲಸ ಬಿಡುವುದಾದರೂ ಇಷ್ಟ ಬಂದಾಗ ಬಿಡುವಂತಿಲ್ಲ. ಅಕ್ಟೋಬರ್, ಫೆಬ್ರುವರಿ ಮತ್ತು ಮೇ ತಿಂಗಳ ಕೊನೆಯ ದಿನಾಂಕಗಳೊಳಗೆ ರಾಜೀನಾಮೆ ಕೊಟ್ಟರೆ ಮಾತ್ರ ಆ ಅವಧಿಯ ಕೊನೆಗೆ ಬಿಡುಗಡೆ. ಉಳಿತಾಯ ಮೊದಲ ವರ್ಷ ಆಗುವುದಿಲ್ಲ, ಆಮೇಲೆ ನಿಧಾನವಾಗಿ ಆಗುತ್ತದೆ.

ಇಂಗ್ಲಿಷಿನ ಬಗ್ಗೆ ಚಿಂತಿಸಬೇಡಿ. ನಿಧಾನವಾಗಿ ಮಾತನಾಡಿ, ಮುಖ್ಯ ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಎರಡು ವಾರದಲ್ಲಿ ಮಕ್ಕಳ ಕಿವಿ ನಿಮಗೆ ಒಗ್ಗುತ್ತದೆ. ನಿಮ್ಮ ಕಿವಿ ಅವರಿಗೆ ಒಗ್ಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಆದರೆ ಗಣಿತದ ಭಾಷೆಯೇ ಬೇರೆ ಎಂಬುದಕ್ಕೆ ಸಿದ್ಧರಾಗಿರಿ. ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿದರೆ ಇಪ್ಪತ್ತು ಎಂಬ ಸಮೀಕರಣವನ್ನು ನನ್ನ ಮೊದಲ ತರಗತಿಯಲ್ಲಿ ಬಿಡಿಸುತ್ತಾ, ಐದನ್ನು ಆ ಕಡೆಗೆ ಒಯ್ದರೆ ಚಿಹ್ನೆ ಬದಲಾಗುತ್ತದೆ ಎಂದೆ. ಮೂವತ್ತು ಮಕ್ಕಳು ತಮ್ಮ ಪುಟ್ಟ ಬಿಳಿ ಹಲಗೆಗಳನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಕೊನೆಗೆ ಒಬ್ಬಳು, “ಏಕೆ ಬದಲಾಗುತ್ತದೆ, ಸರ್?” ಎಂದಳು. ಅವರು ಕಲಿತಿದ್ದುದು ತಕ್ಕಡಿಯ ರೀತಿ: ಎರಡೂ ಕಡೆಯಿಂದ ಐದನ್ನು ಕಳೆಯುವುದು. ಆರು ವರ್ಷ ಕಲಿಸಿ ಬಂದಿದ್ದ ನನಗೆ ಆ ಪ್ರಶ್ನೆಯನ್ನು ಅದುವರೆಗೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಮ್ಮಲ್ಲಿ ಪಡೆದ ಲೆಕ್ಕದ ಗಟ್ಟಿತನದ ಬಗ್ಗೆ ನನಗೆ ಈಗಲೂ ಅಭಿಮಾನವಿದೆ, ನೀವೂ ಅದನ್ನು ಬಿಟ್ಟುಕೊಡಬೇಡಿ. ಅದರ ಜೊತೆಗೆ ಆ ‘ಏಕೆ’ಗೆ ಉತ್ತರವನ್ನೂ ಸಿದ್ಧವಾಗಿಟ್ಟುಕೊಂಡು ತರಗತಿಗೆ ಹೋಗಿ.

ಇನ್ನು ಶಿಸ್ತು. ಕೈ ಎತ್ತುವ ಮಾತೇ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಹೊಡೆತ 1987ರಲ್ಲೇ ನಿಂತಿದೆ. ಗದರಿದರೂ ಕೆಲಸ ಕೆಡುತ್ತದೆ. ಶಾಲೆಯ ನಿಯಮದಲ್ಲಿ ಎಚ್ಚರಿಕೆ, ಜಾಗ ಬದಲಾವಣೆ, ಡಿಟೆನ್ಶನ್ (ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಶಿಕ್ಷೆಯಾಗಿ ಉಳಿಸಿಕೊಳ್ಳುವುದು) ಎಂಬ ಕ್ರಮವಿದ್ದರೆ ಅದೇ ಕ್ರಮವನ್ನು ದಿನವೂ, ಎಲ್ಲರಿಗೂ, ಒಂದೇ ದನಿಯಲ್ಲಿ ಪಾಲಿಸಿ. ಗಂಟೆ ಹೊಡೆಯುವ ಮೊದಲೇ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆಯಿರಿ. ಇದರಿಂದಲೇ ಅರ್ಧ ಗದ್ದಲ ಇಲ್ಲವಾಗುತ್ತದೆ.

ನಿಮ್ಮ ನಾಲ್ಕನೆಯ ಪ್ರಶ್ನೆಗಾಗಿಯೇ ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರುವುದು. ಹಚ್ಚಿಕೊಳ್ಳುತ್ತಾರೆ. ನೀವು ನಿರೀಕ್ಷಿಸದ ಗಳಿಗೆಯಲ್ಲಿ ಹಚ್ಚಿಕೊಳ್ಳುತ್ತಾರೆ, ಮತ್ತು ನಾನು ತಪ್ಪಿದ್ದು ಅಂಥ ಒಂದು ಗಳಿಗೆಯಲ್ಲೇ.

2007ರ ಜನವರಿ. ಸಂಜೆ ನಾಲ್ಕಕ್ಕೇ ಕಿಟಕಿಯ ಹೊರಗೆ ಕತ್ತಲಾಗಿತ್ತು. ಇಲ್ಲಿನ ‘ಇಯರ್ ಟೆನ್’ ತರಗತಿಯ, ಅಂದರೆ ನಮ್ಮ ಒಂಬತ್ತನೆಯ ತರಗತಿಗೆ ಸಮನಾದ ತರಗತಿಯ ಹುಡುಗನೊಬ್ಬ, ಹದಿನೈದರ ಪ್ರಾಯದವನು, ಎಲ್ಲರೂ ಹೋದ ಮೇಲೂ ಬ್ಯಾಗನ್ನು ಒಂದೇ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ತಡವಾಗಿ ಬರುವುದಕ್ಕೂ ಹೋಮ್‌ವರ್ಕ್ ಮಾಡದಿರುವುದಕ್ಕೂ ಆ ತಿಂಗಳಲ್ಲಿ ನಾನು ಅವನಿಗೆ ಎರಡು ಸಲ ಡಿಟೆನ್ಶನ್ ಕೊಟ್ಟಿದ್ದೆ. ನೆಲ ನೋಡುತ್ತಾ ಅವನು ಹೇಳಿದ: ತಾಯಿಗೆ ಕಾಯಿಲೆ, ಹೆಚ್ಚಿನ ದಿನ ಏಳಲಾಗುವುದಿಲ್ಲ, ಬೆಳಿಗ್ಗೆ ತಂಗಿಯನ್ನು ತಯಾರು ಮಾಡಿ ಅವಳ ಶಾಲೆಗೆ ಬಿಟ್ಟು ಬರುವುದು ತಾನೇ. ಆಮೇಲೆ, “ಯಾರಿಗೂ ಹೇಳಬೇಡಿ, ಸರ್” ಎಂದ. ಹೇಳಿದರೆ ತನ್ನನ್ನೂ ತಂಗಿಯನ್ನೂ ಬೇರೆ ಮಾಡುತ್ತಾರೆಂಬ ಭಯ ಅವನಿಗೆ. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅಂದು ಮನೆಗೆ ನಡೆದು ಹೋಗುವಾಗ ನನಗೆ ಹೆಮ್ಮೆಯೆನಿಸಿತ್ತು. ಪರದೇಶದ ಮಗುವೊಂದು ನನ್ನನ್ನು ನಂಬಿ ಮನೆಯ ಮಾತು ಹೇಳಿಕೊಂಡಿತಲ್ಲ ಎಂದು. ಮನೆಯ ವಿಷಯವನ್ನು ಬೀದಿಗೆ ತರಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎಂಬುದನ್ನು ನಿಮಗೆ ವಿವರಿಸಬೇಕಿಲ್ಲ. ಡಿಟೆನ್ಶನ್ ನಿಲ್ಲಿಸಿದೆ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಪಾಠ ಹೇಳಿಕೊಟ್ಟೆ. ನನ್ನ ಕರ್ತವ್ಯ ಅಲ್ಲಿಗೆ ಪೂರ್ತಿಯಾಯಿತೆಂದುಕೊಂಡೆ.

ಹದಿನಾಲ್ಕು ತಿಂಗಳ ನಂತರ, ಇಲ್ಲಿನ ಮಕ್ಕಳು ಹದಿನಾರರ ಪ್ರಾಯದಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಗಳು ಹತ್ತಿರವಾದಾಗ, ಅವನು ವಾರಗಟ್ಟಲೆ ಬರುವುದನ್ನೇ ನಿಲ್ಲಿಸಿದ. ಆಗ ವಿಷಯ ಬೇರೆ ದಾರಿಯಲ್ಲಿ ಶಾಲೆಗೆ ತಿಳಿಯಿತು. ಮಕ್ಕಳ ರಕ್ಷಣೆಯ ಹೊಣೆ ಹೊತ್ತಿದ್ದ ಅಧ್ಯಾಪಕಿ ನನ್ನನ್ನು ಕರೆದು, “ನಿಮಗೆ ಯಾವಾಗ ತಿಳಿಯಿತು?” ಎಂದು ಮಾತ್ರ ಕೇಳಿದರು. ದಿನಾಂಕ ಹೇಳಿದೆ. ಅವರು ಅದನ್ನು ಬರೆದುಕೊಂಡರು. ಮುಂದಿನ ಎರಡು ವಾರಗಳಲ್ಲಿ ತಂಗಿಯನ್ನು ಬೆಳಿಗ್ಗೆ ಬೇಗ ಸೇರಿಸಿಕೊಳ್ಳಲು ಅವಳ ಶಾಲೆ ಒಪ್ಪಿತು, ತಾಯಿಗೆ ಮನೆಯಲ್ಲೇ ನೆರವು ಸಿಕ್ಕಿತು, ಅಣ್ಣ ತಂಗಿಯರನ್ನು ಯಾರೂ ಬೇರೆ ಮಾಡಲಿಲ್ಲ. ಮನೆಯವರ ಆರೈಕೆ ಮಾಡುವ ಇಂಥ ಮಕ್ಕಳಿಗೆ ಇಲ್ಲಿ ‘ಯಂಗ್ ಕೇರರ್’ ಎಂಬ ಹೆಸರೇ ಇದೆ, ನೆರವಿನ ದಾರಿಯೂ ಇದೆ. ಹದಿನಾಲ್ಕು ತಿಂಗಳು ಆ ದಾರಿಗೆ ಅಡ್ಡ ನಿಂತಿದ್ದು ನನ್ನ ಮಾತು. ಗಣಿತದಲ್ಲಿ ಅವನಿಗೆ ಡಿ ಬಂತು. ಅವನು ಸೇರಬೇಕೆಂದಿದ್ದ ಕೋರ್ಸಿಗೆ ಸಿ ಬೇಕಿತ್ತು. ಫಲಿತಾಂಶದ ದಿನ ಲಕೋಟೆ ಒಡೆದು ನೋಡಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ನನಗೆ ಥ್ಯಾಂಕ್ಸ್ ಹೇಳಿ ಹೋದ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಗುಟ್ಟು ಇಟ್ಟುಕೊಳ್ಳಬಾರದೆಂಬ ನಿಯಮವನ್ನು ಮೊದಲ ದಿನವೇ ನನಗೆ ತಿಳಿಸಿದ್ದರು, ಕಾಗದಕ್ಕೆ ಸಹಿಯನ್ನೂ ಹಾಕಿದ್ದೆ. ಆ ನಿಯಮದ ಹಿಂದಿನ ನೋವು ಅರ್ಥವಾದದ್ದು ಮಾತ್ರ ತಡವಾಗಿ. 2000ದಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ ತನ್ನನ್ನು ಇಟ್ಟುಕೊಂಡಿದ್ದವರ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸ್, ಸಮಾಜ ಸೇವಾ ಇಲಾಖೆ, ಎಲ್ಲರೂ ಅವಳನ್ನು ಕಂಡಿದ್ದರು. ಕಂಡದ್ದನ್ನು ಒಂದೆಡೆ ಕೂಡಿಸಿ ನೋಡಿದವರಿರಲಿಲ್ಲ. 2003ರ ಲಾರ್ಡ್ ಲ್ಯಾಮಿಂಗ್ ತನಿಖಾ ವರದಿ ಅದನ್ನು ಬಿಡಿಸಿಟ್ಟಿತು, ಮರುವರ್ಷ ಮಕ್ಕಳ ಕಾಯ್ದೆ ಬಂತು. ನನ್ನ ಹುಡುಗನ ಸ್ಥಿತಿ ಅಷ್ಟು ಘೋರವಾಗಿರಲಿಲ್ಲ, ನಿಜ. ಆದರೆ ಎಷ್ಟು ಘೋರ ಎಂದು ಒಬ್ಬನೇ ಅಳೆಯುವ ಯೋಗ್ಯತೆ ನನಗಿರಲಿಲ್ಲ.

ಆದ್ದರಿಂದ ಮಗುವೊಂದು ಹಾಗೆ ಬಂದು ನಿಂತಾಗ ಹೀಗೆ ಮಾಡಿ. ಪೂರ್ತಿ ಕೇಳಿ. ಉತ್ತರವನ್ನು ನೀವೇ ಬಾಯಿಗೆ ಹಾಕುವಂಥ ಪ್ರಶ್ನೆ ಕೇಳಬೇಡಿ. “ನೀನು ಹೇಳಿದ್ದು ಒಳ್ಳೆಯದಾಯಿತು, ಆದರೆ ಇದನ್ನು ನಾನೊಬ್ಬಳೇ ಇಟ್ಟುಕೊಳ್ಳುವಂತಿಲ್ಲ, ನೆರವಾಗಬಲ್ಲವರಿಗೆ ಹೇಳುತ್ತೇನೆ” ಎಂದು ಅದರ ಮುಖ ನೋಡಿ ಹೇಳಿ. ಅದೇ ದಿನ, ಅದರದೇ ಮಾತುಗಳಲ್ಲಿ ಬರೆದು, ಹೊಣೆ ಹೊತ್ತವರಿಗೆ ತಲುಪಿಸಿ. ಮಗುವಿಗೆ ಆ ಕ್ಷಣ ಮೋಸವಾದಂತೆ ಅನ್ನಿಸಬಹುದು, ಕೆಲವು ದಿನ ನಿಮ್ಮೊಡನೆ ಮಾತು ಬಿಡಬಹುದು. ನಮ್ಮಂಥವರಿಗೆ ಅದನ್ನು ತಾಳಿಕೊಳ್ಳುವುದೇ ಕಷ್ಟ. ತಾಳಿಕೊಳ್ಳಿ.

‘ಕೀಪಿಂಗ್ ಚಿಲ್ಡ್ರನ್ ಸೇಫ್ ಇನ್ ಎಜುಕೇಶನ್’ ಎಂಬ ಸರ್ಕಾರಿ ಮಾರ್ಗಸೂಚಿಯನ್ನು ನಿಮಗೆ ಕೊಡುತ್ತಾರೆ. ಅದರ ಮೊದಲ ಭಾಗವನ್ನು ವಿಮಾನದಲ್ಲೇ ಓದಿಕೊಂಡು ಬನ್ನಿ. ಸೆಪ್ಟೆಂಬರಿನ ಮೊದಲ ದಿನ, ವೇಳಾಪಟ್ಟಿ ಕೇಳುವ ಮೊದಲು, ಮಕ್ಕಳ ರಕ್ಷಣೆಯ ಹೊಣೆ ಯಾರದೆಂದು ಕೇಳಿ, ಅವರ ಕೋಣೆಯವರೆಗೆ ಒಮ್ಮೆ ನಡೆದು ಹೋಗಿ ಬಾಗಿಲು ನೋಡಿಕೊಂಡು ಬನ್ನಿ. 2008ರಿಂದ ನಾನು ಪ್ರತಿ ವರ್ಷದ ಡೈರಿಯ ಮೊದಲ ಪುಟದಲ್ಲಿ ಆ ಹೆಸರನ್ನು ಬರೆದಿಡುತ್ತೇನೆ, ಅದರ ಕೆಳಗೆ ಆ ಹುಡುಗನ ಹೆಸರಿನ ಮೊದಲ ಅಕ್ಷರವನ್ನು.