ವಿಮಾನದ ಬಾಗಿಲು ಹಾಕಿದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ, ಏನು ಮಾಡಲಿ?

ಗಂಡ ದುಬೈಯಲ್ಲಿದ್ದಾರೆ, ಮಗುವನ್ನು ಕರೆದುಕೊಂಡು ಮಂಗಳೂರಿನಿಂದ ಹೊರಡಬೇಕು, ಕಳೆದ ಸಲ ಬಾಗಿಲು ಹಾಕುವ ಹೊತ್ತಿಗೆ ಎದೆ ಹೊಡೆದುಕೊಂಡು ಇಳಿದೇ ಬಿಟ್ಟೆ, ಮುಂದಿನ ತಿಂಗಳು ಮತ್ತೆ ಟಿಕೆಟ್ ಆಗಿದೆ ಅಂತ ಬರೆದಿದ್ದೀರಿ. ನನಗೂ ಇದೇ ತೊಂದರೆ ಉಂಟು. ಈಗಲೂ ಪೂರ್ತಿ ಹೋಗಿಲ್ಲ. ಆದರೂ ಮಸ್ಕತ್‌ನಲ್ಲಿರುವ ಅಣ್ಣನ ಮನೆಗೆ ಹೋಗಿ ಬರುತ್ತೇನೆ. ಭಯ ಪೂರ್ತಿ ಹೋಗಲಿ ಅಂತ ಕಾಯಬೇಡಿ, ಭಯ ಇರುವಾಗಲೇ ಹತ್ತಬಹುದು.

ನಮ್ಮೂರಲ್ಲಿ ವಿಮಾನದ ಭಯ ಅಂದ ಕೂಡಲೇ ಎಲ್ಲರೂ 2010ರ ಮೇ 22ರ ಮಾತು ತೆಗೆಯುತ್ತಾರೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಅವತ್ತು ವಿಮಾನ ದುರಂತವಾಗಿ 158 ಜನ ತೀರಿಕೊಂಡರು, ಮರೆಯುವ ವಿಷಯ ಅಲ್ಲ ಅದು. ಆಮೇಲೆ ಸಮಾಧಾನ ಮಾಡುವವರು 'ರಸ್ತೆಗಿಂತ ವಿಮಾನವೇ ಸೇಫ್' ಅನ್ನುತ್ತಾರೆ. ಮಾತು ಸರಿ. ಆದರೆ ನಿಮ್ಮ ಭಯ ಬೀಳುವುದರದ್ದಲ್ಲ ಅಲ್ವಾ? ಹೊರಗೆ ಹೋಗಬೇಕು ಅನ್ನಿಸಿದಾಗ ಹೋಗಲು ಆಗುವುದಿಲ್ಲ, ಗಾಳಿ ಸಾಲುವುದಿಲ್ಲ, ಎಲ್ಲರ ಎದುರು ಏನಾದರೂ ಆಗಿಬಿಟ್ಟರೆ ಅಂತ. ಅದಕ್ಕೇ ಅವರ ಸಮಾಧಾನ ನಮಗೆ ತಾಗುವುದೇ ಇಲ್ಲ.

ಗಾಳಿಯ ವಿಷಯ ಗೊತ್ತಾದ ಮೇಲೆ ನನಗೆ ಅರ್ಧ ಹಗುರವಾಯಿತು. ವಿಮಾನ ಹಾರುವಾಗ ಒಳಗೆ ಬರುವ ಗಾಳಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗಿನದ್ದು, ಉಳಿದದ್ದು ಆಸ್ಪತ್ರೆಗಳಲ್ಲಿ ಬಳಸುವಂಥ ಹೆಪಾ ಫಿಲ್ಟರಿನಲ್ಲಿ ಸೋಸಿ ಬರುವುದು. 2-3 ನಿಮಿಷಕ್ಕೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆ. ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ನಮ್ಮ ಮುಳ್ಳಯ್ಯನಗಿರಿಯೇ 6,300 ಅಡಿ ದಾಟುತ್ತದೆ, ಅಲ್ಲಿ ಯಾರಿಗೂ ಉಸಿರು ಕಟ್ಟುವುದಿಲ್ಲ.

ಹಾಗಾದರೆ ಉಸಿರು ಕಟ್ಟಿದ ಹಾಗೆ ಯಾಕೆ ಆಗುತ್ತದೆ? ಹೆದರಿದಾಗ ನಾವು ಗೊತ್ತಿಲ್ಲದೆ ಬೇಗ ಬೇಗ ಉಸಿರೆಳೆಯುತ್ತೇವೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆಗಲೇ ತಲೆ ತಿರುಗುವುದು, ಬೆರಳು ಜುಮ್ಮೆನ್ನುವುದು, ಎದೆ ಬಿಗಿಯುವುದು. ಗಾಳಿ ಸಾಲದೆ ಹೀಗಾಗುವುದಲ್ಲ, ಜಾಸ್ತಿ ಎಳೆದುಕೊಂಡು ಆಗುವುದು. ಹಾಗಾಗಿ 'ಜೋರಾಗಿ ಉಸಿರೆಳ್ಕೊ' ಅಂತ ಪಕ್ಕದವರು ಹೇಳಿದರೆ ಕೇಳಬೇಡಿ. ಮೂಗಿನಿಂದ ಮೆಲ್ಲ 4 ಎಣಿಸುವಷ್ಟು ತೆಗೆದುಕೊಂಡು 6 ಎಣಿಸುವಷ್ಟು ಬಿಡಿ. ಬಿಡುವುದೇ ಮುಖ್ಯ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ. ಪ್ಯಾನಿಕ್, ಅಂದರೆ ಹೀಗೆ ದಿಢೀರನೆ ಏರುವ ಭಯ, ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ನಾವು ಓಡಿಹೋದರೆ ಓಡಿದ್ದಕ್ಕೇ ಬದುಕಿದೆವು ಅಂತ ಮನಸ್ಸು ನಂಬುತ್ತದೆ, ಮುಂದಿನ ಸಲ ಇನ್ನೂ ಬೇಗ ಹೆದರಿಸುತ್ತದೆ. ಕೂತಲ್ಲೇ ಕೂತು, ಬರಲಿ, ಎಷ್ಟು ಬರುತ್ತದೋ ಬರಲಿ ಅಂತ ಬಿಟ್ಟರೆ ಅದು ತಾನಾಗಿ ಇಳಿಯುವುದನ್ನು ಕಣ್ಣಾರೆ ನೋಡುತ್ತೀರಿ. ಹೇಳುವುದು ಸುಲಭ, ಗೊತ್ತುಂಟು ಮಾರ್ರೆ. ಅದಕ್ಕೇ ನೆಲದ ಮೇಲೆ ಅಭ್ಯಾಸ ಮಾಡಬೇಕು.

ಲಿಫ್ಟಿನಿಂದ ಶುರುಮಾಡಿ. ಮೊದಲು ಜೊತೆಗೆ ಯಾರಾದರೂ ಇರಲಿ, ಆಮೇಲೆ ಒಬ್ಬರೇ ಹೋಗಿ. ಆಮೇಲೆ ಬೆಂಗಳೂರಿಗೆ ಹೋಗುವ ಹಗಲಿನ ರೈಲು ಹತ್ತಿ. ಸುಬ್ರಹ್ಮಣ್ಯದಿಂದ ಸಕಲೇಶಪುರದ ತನಕ 57 ಸುರಂಗ ಉಂಟು. ಒಳಗೆ ಹೋದಾಗ ಕತ್ತಲು, ಇಳಿಯಲು ಜಾಗ ಇಲ್ಲ, ಮತ್ತೆ ಬೆಳಕು. ನಮ್ಮಂಥವರಿಗೆ ಅದಕ್ಕಿಂತ ಒಳ್ಳೆ ಪಾಠಶಾಲೆ ಈ ಊರಿನ ಹತ್ತಿರ ಇಲ್ಲ. ಮೊದಲ ಕೆಲವು ಸುರಂಗದಲ್ಲಿ ಕೈ ಬೆವರುತ್ತದೆ, ಕೊನೆಕೊನೆಗೆ ಬೇಜಾರು ಬರುತ್ತದೆ. ಆ ಬೇಜಾರೇ ನಮಗೆ ಬೇಕಾದದ್ದು. ದುಡ್ಡು ಹೊಂದಿದರೆ ದುಬೈಗೆ ಮೊದಲು ಬೆಂಗಳೂರಿಗೆ ಒಮ್ಮೆ ಹಾರಿ, 1 ಗಂಟೆಯ ದಾರಿ.

ಹೊರಡುವ ದಿನ ಕಾಫಿ ಬೇಡ, ಎದೆ ಇನ್ನೂ ಹೊಡೆದುಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಐಲ್ ಸೀಟು, ಅಂದರೆ ಓಡಾಡುವ ದಾರಿಯ ಪಕ್ಕದ್ದು, ಮೊದಲೇ ತೆಗೆದುಕೊಳ್ಳಿ, ಮಗು ಕಿಟಕಿ ಕಡೆ ಇರಲಿ. ಮಕ್ಕಳಿರುವವರು ಮೊದಲು ಬನ್ನಿ ಅಂತ ಕರೆದರೂ ಕೊನೆಗೆ ಹತ್ತಿದರೆ ಸಾಕು, ಒಳಗೆ ಸುಮ್ನೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಹತ್ತುವಾಗಲೇ ಗಗನಸಖಿಗೆ 'ನನಗೆ ಮುಚ್ಚಿದ ಜಾಗದ ಭಯ ಉಂಟು' ಅಂತ ಹೇಳಿಬಿಡಿ. ಅವರಿಗೆ ಇದು ಹೊಸತಲ್ಲ, ನಾಚಿಕೆ ಬೇಡ. ಕಷ್ಟದ ಹೊತ್ತು ಬಾಗಿಲು ಹಾಕಿದ ಮೇಲೆ ವಿಮಾನ ಮೇಲೇಳುವ ತನಕ. ಆಗ ಎಸಿ ಮೆತ್ತಗಿರುತ್ತದೆ, ಸೆಕೆ ಆಗುತ್ತದೆ. ತಲೆ ಮೇಲೆ ಗಾಳಿ ಬರುವ ತೂತಿನ ತಿರುಗಣೆ ಪೂರ್ತಿ ತಿರುಗಿಸಿ ಮುಖಕ್ಕೆ ಬಿಟ್ಟುಕೊಳ್ಳಿ, ಒದ್ದೆ ಕರ್ಚೀಫು ಕೈಯಲ್ಲಿರಲಿ. ಎದ್ದ ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ತಗ್ಗುತ್ತದೆ, ಕೆಳಗೆ ಚಕ್ರ ಒಳಗೆ ಹೋಗುವ ಸದ್ದು ಬರುತ್ತದೆ. ಎರಡೂ ಹಾಗೇ ಇರಬೇಕಾದದ್ದು.

ಅತ್ತೆ ನೂಲು ಕಟ್ಟಿಸಿಕೋ ಅಂದಿದ್ದಾರೆ ಅಂತಲೂ ಬರೆದಿದ್ದೀರಿ. ಕಟ್ಟಿಸಿಕೊಳ್ಳಿ, ಆದರೆ ಡಾಕ್ಟರನ್ನೂ ನೋಡಿ. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಬರವಿಲ್ಲ, ಮನೋವೈದ್ಯರು ಸಿಗುತ್ತಾರೆ. ಹೋಗಲು ಮುಜುಗರ ಆದರೆ ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಉಂಟು, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾರೋ ಕೊಟ್ಟ ನಿದ್ದೆಯ ಮಾತ್ರೆ ಮಾತ್ರ ನುಂಗಬೇಡಿ, ಮಗು ಜೊತೆಗಿರುವಾಗ ಖಂಡಿತ ಬೇಡ. ಡಾಕ್ಟರೇ ಮಾತ್ರೆ ಬರೆದರೆ ಒಮ್ಮೆ ಮನೆಯಲ್ಲೇ ತೆಗೆದುಕೊಂಡು ನೋಡಬಹುದಾ ಅಂತ ಕೇಳಿ. ಮತ್ತೆ, ನೀವು ಹೋಗುವುದು ದುಬೈಗೆ. ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್‌ನಂಥ ಮಾತ್ರೆಗಳಿಗೆ ಅಲ್ಲಿ ಕಟ್ಟುನಿಟ್ಟು ಜಾಸ್ತಿ, ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ತೆಗೆದುಕೊಂಡಿರಬೇಕು. ಚೀಟಿ ಜೊತೆಗಿರಲಿ, ಅನುಮತಿಯ ಕೆಲಸ ನಿಮ್ಮ ಯಜಮಾನರು ಅಲ್ಲಿಂದಲೇ ಈ ವಾರ ವಿಚಾರಿಸಲಿ.