ಸೊಂಟ ಒತ್ತಿದವರು ನಿಜವಾದ ಡಾಕ್ಟರೇ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮಿಷಿಗನ್‌ಗೆ ಬಂದಿದ್ದೇನೆ. ವಯಸ್ಸು 62. ಮಗುವನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿತು. ಇಲ್ಲಿನ ಫ್ಯಾಮಿಲಿ ಡಾಕ್ಟರು ಮಲಗಿಸಿ, ಕೈಯಲ್ಲೇ ಒತ್ತಿ, ಕಾಲು ಮಡಚಿಸಿ ಏನೋ ಮಾಡಿದರು. ನೋವು ಅರ್ಧ ಇಳಿಯಿತು. ಆದರೆ ಅವರ ಬೋರ್ಡಿನಲ್ಲಿ ಎಂ.ಡಿ. ಇಲ್ಲ, ಡಿ.ಓ. ಅಂತಿದೆ. ಇವರು ನಿಜವಾದ ಡಾಕ್ಟರೇ? ನಮ್ಮ ಕಡೆ ಉಳುಕು ತೆಗೆಯುತ್ತಾರಲ್ಲ, ಅದೇ ಅಲ್ವಾ ಇದು? ಊರಿಗೆ ಬಂದ ಮೇಲೆ ಮುಂದುವರಿಸಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜವಾದ ಡಾಕ್ಟರೇ ಅಮ್ಮಾ, ಅನುಮಾನ ಬೇಡ. ಮೈಸೂರಿನಲ್ಲಿ ಓದಿ ಮಿಷಿಗನ್ನಿನ ಆಸ್ಪತ್ರೆಗೆ ಬಂದ ಹೊಸತರಲ್ಲಿ ನನಗೂ ಇದೇ ಪ್ರಶ್ನೆ ಇತ್ತು. ಡಿ.ಓ. ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ಈಗ ನನ್ನ ಜೊತೆ ಡ್ಯೂಟಿ ಮಾಡುವವರಲ್ಲಿ ಹಲವರು ಡಿ.ಓ.ಗಳೇ. ಅಮೆರಿಕದ 50 ರಾಜ್ಯಗಳಲ್ಲೂ ಅವರು ಔಷಧ ಬರೆಯಬಹುದು, ಆಪರೇಷನ್ ಮಾಡಬಹುದು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರು ಮಾಡಿದ ಶಾಲೆಯಿಂದ ಬಂದ ಓದು ಅದು. ನಮ್ಮ ಓದಿನ ಜೊತೆಗೆ ಕೈಚಿಕಿತ್ಸೆಯನ್ನೂ ಕಲಿಯುತ್ತಾರೆ.

ಉಳುಕು ತೆಗೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒತ್ತುವುದರಲ್ಲಿಲ್ಲ, ಅದಕ್ಕೂ ಮುಂಚೆ ಇದೆ. ನೆನಪಿಸಿಕೊಳ್ಳಿ. ಜ್ವರ ಇದೆಯಾ, ಬಿದ್ದಿದ್ದಿರಾ, ಮೂತ್ರ ಸರಿಯಾಗಿ ಹೋಗುತ್ತಾ ಅಂತ ಕೇಳಿರುತ್ತಾರೆ. ಮೂಳೆ ಮುರಿದಿಲ್ಲ, ನರ ಒತ್ತಿಹೋಗಿಲ್ಲ ಅಂತ ಖಾತ್ರಿಯಾದ ಮೇಲೆಯೇ ಕೈ ಇಡುವುದು. ಕಾಲು ಮಡಚಿಸಿದ್ದು ಹೀಗಿರಬೇಕು: ನೀವು ಮಂಡಿಯಿಂದ ಅವರ ಕೈಯನ್ನು ಮೆಲ್ಲಗೆ ತಳ್ಳಬೇಕು, ಐದು ಸೆಕೆಂಡ್ ಹಿಡಿದು ಸಡಿಲ ಬಿಡಬೇಕು. ಬಿಗಿದ ಸ್ನಾಯು ಆಗ ಒಂದಿಷ್ಟು ಬಿಟ್ಟುಕೊಡುತ್ತದೆ. ಮತ್ತೆ ಅದೇ.

ಕ್ಲಿನಿಕ್ಕಿನಲ್ಲಷ್ಟೇ ಅಲ್ಲ, ವಾರ್ಡಿನಲ್ಲೂ ಇದನ್ನು ಮಾಡುತ್ತಾರೆ. ನ್ಯುಮೋನಿಯಾ ಆಗಿದ್ದ ಒಬ್ಬ ಅಜ್ಜನ ಬೆನ್ನಿನ ಕೆಳಗೆ ನನ್ನ ಸಹೋದ್ಯೋಗಿ ಎರಡೂ ಕೈ ತೂರಿಸಿ, ಬೆರಳ ತುದಿಯಿಂದ ಪಕ್ಕೆಲುಬುಗಳನ್ನು ಒಂದೊಂದಾಗಿ ಮೇಲಕ್ಕೆತ್ತುತ್ತಿದ್ದರು. ಅಜ್ಜ ಕಣ್ಣು ಮುಚ್ಚಿ, "ಹಾಂ, ಈಗ ಉಸಿರು ಒಳಗೆ ಹೋಗ್ತಿದೆ" ಅಂದರು. ಆ ಮುಖ ಮರೆತಿಲ್ಲ. ಹಾಗಂತ ಆಂಟಿಬಯಾಟಿಕ್ ಡ್ರಿಪ್ ನಿಲ್ಲಿಸಿರಲಿಲ್ಲ. ನ್ಯುಮೋನಿಯಾ ಆಗಿದ್ದ 406 ವೃದ್ಧರಲ್ಲಿ ಈ ಕೈಚಿಕಿತ್ಸೆಯನ್ನು ಪರೀಕ್ಷಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರನ್ನೂ ಲೆಕ್ಕ ಹಿಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯನ್ನು ಪೂರ್ತಿ ಪಡೆದವರು ಮಾತ್ರ ಸ್ವಲ್ಪ ಬೇಗ ಮನೆಗೆ ಹೋದರು. ಸೊಂಟನೋವಿಗಾದರೆ ಇದಕ್ಕಿಂತ ಗಟ್ಟಿ ಆಧಾರವಿದೆ, ಆದರೆ ಜೊತೆಗೆ ವ್ಯಾಯಾಮ ಬೇಕೇ ಬೇಕು.

ಊರಿನ ವಿಷಯ. ಡಿ.ಓ. ಅಂದರೆ ಪೂರ್ಣ ವೈದ್ಯರು ಅನ್ನುವುದು ಅಮೆರಿಕದ ಮಾತು. ಬ್ರಿಟನ್ನಿನಲ್ಲಿ ಇದೇ ಕೈಚಿಕಿತ್ಸೆ ಮಾಡುವ ಆಸ್ಟಿಯೋಪತ್‌ಗಳಿಗೆ 1993ರ ಕಾನೂನು ಇದೆ, ಆದರೆ ಆ ಓದಿನಿಂದ ಅವರು ಔಷಧ ಬರೆಯುವ ವೈದ್ಯರಾಗುವುದಿಲ್ಲ. ನಮ್ಮಲ್ಲಿ ಬರೀ ಬೋರ್ಡ್ ನೋಡಿ ಸೊಂಟ ಕೊಡಬೇಡಿ. ಶಿವಮೊಗ್ಗದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿಯಿರಿ. ನಿಮ್ಮ ವಯಸ್ಸಿಗೆ ಮೂಳೆ ಸಾಂದ್ರತೆಯ ಪರೀಕ್ಷೆಯನ್ನೂ ಕೇಳಿ. ಮೂಳೆ ಟೊಳ್ಳಾಗಿದ್ದರೆ ಜೋರಾಗಿ ಒತ್ತಿಸಿಕೊಳ್ಳಲೇಬಾರದು. ಯಾರಾದರೂ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಲು ಬಂದರೆ ಬೇಡ ಅನ್ನಿ. ತೊಡೆಸಂದು ಜೋಮು ಹಿಡಿದರೆ, ಕಾಲಿನ ಶಕ್ತಿ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಮಂಡಿ ಬಗ್ಗಿಸಿ, ಎದೆಗೆ ಒತ್ತಿಕೊಂಡು ಏಳಿ. ಸುಮ್ನೆ ಬಗ್ಗಿ ಎತ್ತಬೇಡಿ.